ಹಾಲಿಗೆ ಕಾವಲು ಕೂತವಳು

ಎಡಪ್ಪಳ್ಳಿ, ಕೊಚ್ಚಿ
9 ಫೆಬ್ರವರಿ 2025

ಚಿಕ್ಕಮ್ಮನಿಗೆ ನಿಹಾರಿಕಾಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ನನಗೆ ಏನೂ ಆಗಿಲ್ಲ, ಕೆಲಸವೂ ಹೋಗಿಲ್ಲ. ಫೋನಿನಲ್ಲಿ ನಮ್ಮಿಬ್ಬರ ಮಾತು ‘ಊಟ ಆಯ್ತಾ’, ‘ಆಯ್ತು’, ‘ಸರಿ, ಇಡ್ಲಾ’ ದಾಟಿದ್ದೇ ಇಲ್ಲ. ಅಪ್ಪ ಹೋದ ಈ ಮೂರು ವರ್ಷಗಳಲ್ಲಿ ಪ್ರತಿ ಭಾನುವಾರ ಅಷ್ಟನ್ನೇ ಆಡಿದ್ದೇವೆ. ಈಗ ಕೇಳಬೇಕಾಗಿರುವುದು ಅದಕ್ಕಿಂತ ಉದ್ದದ್ದು. ಬಲಗಿವಿ ಪೂರ್ತಿ ಮಂದವಾಗಿದೆ ಎಂದೂ ನೀವು ಹೇಳಿದಿರಿ. ಹಾಗಾಗಿ ಅಂಚೆಯ ಮೊರೆ ಹೋಗಿದ್ದೇನೆ.

ನಮ್ಮ ಆಫೀಸಿನ ಕೆಲಸ ನಿಮಗೆ ಗೊತ್ತೇ ಇದೆ. ಮಕ್ಕಳು ಮಲಗುವಾಗ ಫೋನಿನಲ್ಲಿ ಕೇಳುವ ಕಥೆಗಳು, ಹನ್ನೊಂದು ಭಾಷೆಗಳಲ್ಲಿ. ಕನ್ನಡ ವಿಭಾಗ ಎಂದರೆ ನಾನು ಮತ್ತು ನನ್ನ ಕುರ್ಚಿ. ಈ ವರ್ಷ ದೊಡ್ಡವರಿಗಾಗಿ ಒಂದು ಸರಣಿ ಮಾಡುತ್ತಿದ್ದೇವೆ. ಚಿಕ್ಕಂದಿನಲ್ಲಿ ಕೇಳಿದ ರಾಜಕುಮಾರಿ ಕಥೆಗಳೆಲ್ಲ ಮೊದಮೊದಲು ಹೇಗಿದ್ದವು ಎಂಬುದು ಅದರ ವಿಷಯ. ಓದುತ್ತ ಹೋದರೆ ಅನ್ನ ಸೇರುವುದಿಲ್ಲ ಚಿಕ್ಕಮ್ಮ. ಗಾಜಿನ ಚಪ್ಪಲಿಯ ಕಥೆ ಇದೆಯಲ್ಲ, ಅದರ ಹಳೆಯ ರೂಪವೊಂದರಲ್ಲಿ ಚಪ್ಪಲಿ ಹಿಡಿಸಲೆಂದು ಒಬ್ಬ ಅಕ್ಕನ ಹೆಬ್ಬೆರಳನ್ನೂ ಇನ್ನೊಬ್ಬಳ ಹಿಮ್ಮಡಿಯನ್ನೂ ಕತ್ತರಿಸುತ್ತಾರೆ. ಇನ್ನೊಂದರಲ್ಲಿ ಹೊಟ್ಟೆಕಿಚ್ಚಿನ ರಾಣಿಗೆ ಕೆಂಪಗೆ ಕಾಯಿಸಿದ ಕಬ್ಬಿಣದ ಜೋಡು ತೊಡಿಸಿ ಸಾಯುವ ತನಕ ಕುಣಿಸುತ್ತಾರೆ. ಆಮೇಲೆ ಬಂದವರು ಅವನ್ನೆಲ್ಲ ತೊಳೆದು ಇಸ್ತ್ರಿ ಮಾಡಿ ಮಕ್ಕಳ ಕೈಗೆ ಕೊಟ್ಟರು.

ನನ್ನ ಮೇಲಿನವರು ಜಾಯ್ಸ್ ಚೇಚಿ, ಇಡೀ ಆಫೀಸಿಗೆ ಅಕ್ಕ. ಪ್ರತಿ ಭಾಷೆಯಿಂದಲೂ ಅಂಥದ್ದೊಂದು ಕಥೆ ಬೇಕು ಎಂದರು. ನನಗೆ ತಟ್ಟನೆ ನೆನಪಾದದ್ದು ತಿಪಟೂರಿನ ಅಜ್ಜಿ, ಅಮ್ಮನ ತಾಯಿ, ಬೇಸಿಗೆ ರಜೆಯಲ್ಲಿ ಹೇಳುತ್ತಿದ್ದ ಹಾಲಿನ ಕಥೆ. ಅರ್ಧ ಮರೆತಿದ್ದೇನೆ. ಅಜ್ಜಿ ಹೇಳುವಾಗ ನೀವು ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿರುತ್ತಿದ್ದಿರಿ. ನಿಮಗೆ ನೆನಪಿದ್ದರೆ ಇದ್ದದ್ದು ಇದ್ದ ಹಾಗೆ ಬರೆದು ಕಳಿಸಿ. ನಿಮ್ಮ ಕಡೆಯಿಂದ ಏನನ್ನೂ ಸೇರಿಸಬೇಡಿ, ಬಿಡಲೂಬೇಡಿ.

ನಿಹಾರಿಕಾ

*

ತುಂಬ, ತಿರುವನಂತಪುರ
16 ಫೆಬ್ರವರಿ 2025

ಚಿ. ನಿಹಾರಿಕಾಳಿಗೆ ಆಶೀರ್ವಾದ.

ಪೋಸ್ಟ್‌ಮ್ಯಾನ್ ಬಾಗಿಲಲ್ಲಿ ನಿಂತಾಗ ನಿಮ್ಮಪ್ಪನ ಪೆನ್ಷನ್ ಕಾಗದವಿರಬೇಕು ಅಂದುಕೊಂಡೆ. ನಿನ್ನ ಅಕ್ಷರ ನೋಡಿ ಮೂರು ಸಲ ಕನ್ನಡಕ ಒರೆಸಿಕೊಂಡೆ. ಎಂಟನೇ ಕ್ಲಾಸಿನಲ್ಲಿ ಇದ್ದ ಹಾಗೇ ಇದೆ, ಸಾಲು ಬಲಕ್ಕೆ ಹೋಗುತ್ತ ಹೋಗುತ್ತ ಆಕಾಶಕ್ಕೆ ಏರುತ್ತದೆ. ರಾಕೆಟ್ ಕಾಲೊನಿಯಲ್ಲಿ ಬೆಳೆದವಳು ಅಂತ ಯಾರು ಬೇಕಾದರೂ ಹೇಳಬಹುದು.

ಒಂದು ಸುದ್ದಿ. ಮೇ ಮೂವತ್ತೊಂದರೊಳಗೆ ಈ ಮನೆ ಖಾಲಿ ಮಾಡಬೇಕು. ಮನೆ ಮಾಲೀಕರ ಮಗ ಗಲ್ಫ್ ಬಿಟ್ಟು ಬರುತ್ತಿದ್ದಾನಂತೆ. ತಿಪಟೂರಿನಿಂದ ನನ್ನ ತಮ್ಮ “ಇಲ್ಲಿಗೇ ಬಂದ್ಬಿಡಕ್ಕಾ, ಅಲ್ಲಿ ಯಾರಿದಾರೆ ನಿಂಗೆ?” ಅಂದ. ಸರಿಯಾದ ಪ್ರಶ್ನೆಯೇ. ಇಪ್ಪತ್ನಾಲ್ಕು ವರ್ಷ ಈ ಮರಳಿನಲ್ಲಿ ಕಳೆದವಳು, ಯೋಚಿಸಿ ಹೇಳ್ತೀನಿ ಅಂತ ಫೋನಿಟ್ಟೆ. ನಿನಗೆ ಯಾವ ಸಾಮಾನು ಬೇಕು, ಏನು ಮಾಡಬೇಕು ಅಂತ ಬರೆ.

ಮಲತಾಯಿಯ ಹತ್ತಿರ ಹಳೇ ಕಥೆ ಕೇಳುತ್ತೀಯಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಯಿತು ನನ್ನ ಸ್ಥಿತಿ. ನೆನಪಿದೆಯಾ ಅಂತ ಕೇಳಿದೆ. ಹನ್ನೊಂದು ಬೇಸಿಗೆ ಕೇಳಿದ್ದೇನೆ, ಬಾಯಿಪಾಠ. ಬರೆದಿದ್ದೇನೆ, ನೋಡು.

ಒಂದೂರು. ಊರ ಕೊನೆಯ ಮನೆಯಲ್ಲಿ ಒಬ್ಬ ಹೆಂಗಸು, ಒಂದು ಹೆಣ್ಣು ಕೂಸು. ಯಜಮಾನ ದಂಡಿನ ಜೊತೆ ದೂರ ಹೋಗಿದ್ದ. ಆ ಹೆಂಗಸು ಒಲೆಯ ಮೇಲೆ ಹಾಲಿಟ್ಟು, “ಕೂಸೇ, ಹಾಲಿಗೆ ಕಾವಲು ಕೂತ್ಕೋ. ಉಕ್ಕಕ್ಕೆ ಬಂದ್ರೆ ಕೂಗು” ಅಂತ ಹೇಳಿ ನೀರಿಗೆ ಹೋದಳು. ಕೂಸು ಕೂತಿತು. ಹಾಲು ಕಾಯುತ್ತ ಕಾಯುತ್ತ ಅದರೊಳಗೆ ಒಂದು ಪಟ್ಟಣ ಕಾಣಿಸಿತು. ಬಿಳೀ ಆನೆ, ಬಿಳೀ ಕುದುರೆ, ಬಿಳೀ ಕೊಡೆ ಹಿಡಿದ ಜನ. ಕೂಸು ಬಾಯಿ ಬಿಟ್ಟುಕೊಂಡು ನೋಡಿತು, ಕೂಗುವುದನ್ನು ಮರೆಯಿತು. ಹಾಲು ಉಕ್ಕಿ ಹರಿದು ಒಲೆ ಆರಿಹೋಯಿತು. ಹೆಂಗಸು ಬಂದು ನೋಡಿದಳು. “ಅಷ್ಟು ಚೆಂದ ಇದ್ರೆ ಅಲ್ಲಿಗೇ ಹೋಗು” ಅಂತ ಕೂಸನ್ನು ಎತ್ತಿ ಅದರ ಕಾಲನ್ನು ಪಾತ್ರೆಯೊಳಗೆ ಇಳಿಸಿದಳು. ಕೂಸು ಹಾಲಿನೊಳಗಿನ ಪಟ್ಟಣಕ್ಕೆ ಹೋಯಿತು. ಅಲ್ಲಿಯ ರಾಜ ಸಾಕಿಕೊಂಡ, ದೊಡ್ಡದಾಗಿ ರಾಣಿಯಾಯಿತು. ಎಡಗಾಲಿನಲ್ಲಿ ಮಾತ್ರ ಯಾರೂ ಬಿಚ್ಚಲಾಗದ ಹಾಲುಬಣ್ಣದ ಗೆಜ್ಜೆ ಇತ್ತು.

ಕಥೆ ಇಷ್ಟೇ. ನಿನ್ನ ಆಪಿನ ಮಕ್ಕಳು ಇದನ್ನು ಕೇಳಿ ಹೇಗೆ ಮಲಗುತ್ತಾರೋ ನಾನು ಕಾಣೆ.

ಜಲಜಾ

*

ಎಡಪ್ಪಳ್ಳಿ
2 ಮಾರ್ಚ್ 2025

ಚಿಕ್ಕಮ್ಮನಿಗೆ ನಮಸ್ಕಾರ.

ಕಥೆ ತಲುಪಿತು. ಬಿಡಬೇಡಿ ಎಂದು ಹೇಳಿದ್ದೆ, ಬಿಟ್ಟಿದ್ದೀರಿ. ‘ಒಬ್ಬ ಹೆಂಗಸು’ ಎಂದು ಬರೆದಿದ್ದೀರಲ್ಲ, ಅಜ್ಜಿ ಯಾವತ್ತೂ ಹಾಗೆ ಹೇಳಿದವರಲ್ಲ. ‘ಚಿಕ್ಕಮ್ಮ’ ಎನ್ನುತ್ತಿದ್ದರು. ಮಗುವಿನ ತಾಯಿ ಸತ್ತು ಸ್ವರ್ಗದಲ್ಲಿದ್ದಳು, ಕಾಲು ಇಳಿಸಿದವಳು ಚಿಕ್ಕಮ್ಮ. ಕೊನೆಯನ್ನೂ ನುಂಗಿದ್ದೀರಿ. ರಾಣಿಯಾದ ಕೂಸು ದಂಡು ಕಳಿಸಿ ಚಿಕ್ಕಮ್ಮನನ್ನು ಹಿಡಿಸುತ್ತದೆ. ಯಾವತ್ತೂ ಆರದ ಒಲೆಯ ಮುಂದೆ ಅವಳನ್ನು ಕೂರಿಸಿ, ಯಾವತ್ತೂ ಮುಗಿಯದ ಹಾಲಿಗೆ ಕಾವಲು ಇಡುತ್ತದೆ. ಅಷ್ಟು ಹೇಳಿ ಅಜ್ಜಿ ನನ್ನ ಎಡಪಾದ ಹಿಡಿದು, “ಇದೇ ಕಣವ್ವಾ ಆ ಗೆಜ್ಜೆ” ಎನ್ನುತ್ತಿದ್ದರು. ಬಾಯಿಪಾಠ ಎಂದಿರಲ್ಲ, ಇಷ್ಟನ್ನೇ ಮರೆತಿರಾ?

ನಾನು ನಲವತ್ತಕ್ಕೂ ಹೆಚ್ಚು ಜನಪದ ಕಥಾ ಸಂಗ್ರಹಗಳಲ್ಲಿ ಹುಡುಕಿದೆ. ಮೈಸೂರಿನ ಇಬ್ಬರು ಮೇಷ್ಟ್ರನ್ನು ಕೇಳಿದೆ. ಕನ್ನಡದಲ್ಲಿ ಇಲ್ಲ, ತೆಲುಗಿನಲ್ಲಿ ಇಲ್ಲ, ಎಲ್ಲೂ ಇಲ್ಲ. ಜಾಯ್ಸ್ ಚೇಚಿ ಹೇಳಿದರು, “ಮೋಳೇ, ಎಲ್ಲೂ ಸಿಗದ ಕಥೆ ಎಂದರೆ ಯಾವುದೋ ಒಂದು ಮನೆಯಲ್ಲಿ ಹುಟ್ಟಿದ್ದು. ಮನೆ ಹುಡುಕು.”

ನನಗೆ ಮನೆ ಹುಡುಕಬೇಕಾಗಿಲ್ಲ. ಅಡುಗೆಮನೆಯೇ ನೆನಪಿದೆ. ನೀವು ಬೆಳಕು ಹರಿಯುವ ಮೊದಲೇ ಬಾಗಿಲ ಚಿಲಕ ಹಾಕಿಕೊಂಡು ಹಾಲು ಕಾಯಿಸುತ್ತಿದ್ದಿರಿ. ನಾನು ಏಳುವಷ್ಟರಲ್ಲಿ ಪಾತ್ರೆ ಮಾಯವಾಗಿರುತ್ತಿತ್ತು. ಒಲೆಯ ಮೇಲೆ ಉಕ್ಕುವ ಹಾಲನ್ನು ನಾನು ಮೊದಲು ನೋಡಿದ್ದು ಪಕ್ಕದ ಫಿಲೋಮಿನಾ ಚೇಚಿಯ ಮನೆಯಲ್ಲಿ, ಏಳನೇ ಕ್ಲಾಸಿನಲ್ಲಿದ್ದಾಗ. ಮಲತಾಯಿ ಹಾಲು ಬಚ್ಚಿಡುತ್ತಾಳೆ ಎಂದು ಸ್ಕೂಲಿನಲ್ಲಿ ಹೇಳಿಕೊಂಡು ಅತ್ತಿದ್ದೇನೆ.

ಇನ್ನೊಂದು ವಿಷಯ ಓದಿದೆ. ಯುರೋಪಿನ ಆ ಕಥೆಗಳ ಮೊದಲ ಅಚ್ಚಿನಲ್ಲಿ ಮಕ್ಕಳನ್ನು ಕಾಡಿಗೆ ಅಟ್ಟಿದವಳು, ಮಗಳ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ಮಲತಾಯಿಯಲ್ಲ, ಹೆತ್ತ ತಾಯಿಯೇ. ಓದುವವರಿಗೆ ಸಹಿಸಲಾಗುವುದಿಲ್ಲವೆಂದು ಆಮೇಲಿನ ಅಚ್ಚುಗಳಲ್ಲಿ ತಾಯಿಯನ್ನು ತೆಗೆದು ಮಲತಾಯಿಯನ್ನು ಹಾಕಿದರು. ನಿಮಗೆ ಇದನ್ನು ಕೇಳಿ ಸಮಾಧಾನವಾಗಬಹುದು. ಆದರೆ ನಮ್ಮದು ಆ ಥರದ ಕಥೆಯಲ್ಲವಲ್ಲ.

ಇಪ್ಪತ್ತು ವರ್ಷ ಬಾಯಲ್ಲಿಟ್ಟುಕೊಂಡ ಪ್ರಶ್ನೆ ಕೇಳಿಬಿಡುತ್ತೇನೆ. ನನ್ನ ಕಾಲು ಸುಟ್ಟದ್ದು ನೀವೇನಾ?

ನಿಹಾರಿಕಾ

*

ತುಂಬ
10 ಮಾರ್ಚ್ 2025

ಚಿ. ನಿಹಾರಿಕಾ,

ಹೌದು. ನಾನೇ.

ನಿನಗೆ ಐದು ವರ್ಷ. ಹಾಲು ಉಕ್ಕಿತು, ಅವಸರದಲ್ಲಿ ಪಾತ್ರೆ ಇಳಿಸಲು ಹೋದೆ, ನೀನು ಕಾಲಿಗೆ ಅಡ್ಡ ಬಂದೆ, ಕೈತಪ್ಪಿ ಚೆಲ್ಲಿತು. ಬೇಕೆಂದು ಮಾಡಿದ್ದಲ್ಲ. ಆದರೆ ಆಗಿದ್ದು ಆಗಿದೆ, ಸುಟ್ಟದ್ದು ನಿನ್ನ ಕಾಲು. ಅಜ್ಜಿ ಅದನ್ನು ಕಥೆ ಮಾಡಿದರು. ಹೊಟ್ಟೆ ಉರಿದವರು ಏನಾದರೂ ಮಾಡಲೇಬೇಕಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕೊಡಬೇಕಾಗುತ್ತದೆ, ಮನಸ್ಸಿಲ್ಲದೆ ಕೊಟ್ಟದ್ದು ಇಬ್ಬರಿಗೂ ಭಾರ.

ಆ ಪರದೇಶದ ಅಚ್ಚಿನವರ ವಿಷಯ ಬರೆದಿದ್ದೀಯ. ಜಾಣರು ಅವರು. ಮಕ್ಕಳಿದ್ದವರೇ ಇರಬೇಕು.

ಸಾಮಾನು ಕಟ್ಟುತ್ತಿದ್ದೇನೆ. ಮನೆ ಖಾಲಿ ಮಾಡುವ ವಿಷಯಕ್ಕೆ ನೀನು ಏನೂ ಬರೆಯಲಿಲ್ಲ. ಅದರಲ್ಲೇ ಅರ್ಥವಾಯಿತು. ತಮ್ಮನಿಗೆ ಬರುತ್ತೇನೆ ಅಂತ ಹೇಳಿದ್ದೇನೆ.

ಜಲಜಾ

*

ಎಡಪ್ಪಳ್ಳಿ
20 ಏಪ್ರಿಲ್ 2025

ಎಡಪಾದದ ಸುಟ್ಟ ಚರ್ಮ ಈಗ ಬಿಗಿದು ಬೆರಳುಗಳನ್ನು ಮೇಲಕ್ಕೆ ಎಳೆಯುತ್ತಿದೆ. ಇಲ್ಲಿಯ ಡಾಕ್ಟರು ಸಣ್ಣ ಆಪರೇಷನ್ ಮಾಡಬೇಕು ಎಂದಿದ್ದಾರೆ. ಆಗ ಯಾವ ಚಿಕಿತ್ಸೆ ಕೊಟ್ಟಿದ್ದರು ಎಂದು ಕೇಳುತ್ತಾರೆ. ಅಪ್ಪನ ಆಫೀಸಿನ ಆಸ್ಪತ್ರೆಯ ಹಳೆಯ ಕಾಗದಗಳು ಇದ್ದರೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ.

ನಿಹಾರಿಕಾ

*

ತುಂಬ
25 ಏಪ್ರಿಲ್ 2025

ಚಿ. ನಿಹಾರಿಕಾಳಿಗೆ ಆಶೀರ್ವಾದ.

ಆರು ಭಾನುವಾರ ಫೋನ್ ಬರಲಿಲ್ಲ. ಕಿವಿಯದೇ ದೋಷವಿರಬಹುದು ಅಂತ ಫೋನನ್ನು ಎಡಗಡೆ ಇಟ್ಟುಕೊಂಡು ಕೂತೆ. ನೋಡು, ಮೂರ್ಖತನಕ್ಕೂ ಒಂದು ವಯಸ್ಸು ಬೇಡವೇ?

ಕಾಲಿನ ವಿಷಯ ಓದಿ ಸಂಕಟವಾಯಿತು. ಯಾವ ಆಸ್ಪತ್ರೆ, ಯಾವತ್ತು, ಜೊತೆಗೆ ಯಾರಿರುತ್ತಾರೆ? ಬರೆಯಬೇಕು ಅನ್ನಿಸಿದರೆ ಬರೆ.

ನಿಮ್ಮಪ್ಪ ಕಟ್ಟಿಟ್ಟ ಆಸ್ಪತ್ರೆಯ ಗಂಟು ಬೀರುವಿನ ಮೇಲೆಯೇ ಇತ್ತು. ಅವರ ಗಂಟು ನಿನಗೆ ಗೊತ್ತಲ್ಲ, ರಾಕೆಟ್ಟಿಗೆ ಕಟ್ಟಿದರೂ ಬಿಚ್ಚದು. ನಾನು ಕೈ ಹಾಕಿಲ್ಲ, ಹಾಗೇ ಕಳಿಸುತ್ತಿದ್ದೇನೆ. ಒಳಗೆ ಔಷಧಿ ಬಿಲ್ಲುಗಳು ಇರಬೇಕು. ಇಂಗ್ಲಿಷು, ಅದರ ಮೇಲೆ ಡಾಕ್ಟರ ಅಕ್ಷರ, ನನಗೆ ಹೇಗೂ ಓದಲಾಗುವುದಿಲ್ಲ.

ಜೊತೆಗೆ ಅಗಸೆ ಚಟ್ನಿಪುಡಿ ಇಟ್ಟಿದ್ದೇನೆ. ನಿನಗೆ ಬೇಡವಾದರೆ ಆ ಜಾಯ್ಸ್‌ಗೆ ಕೊಡು, ಎಸೆಯಬೇಡ.

ಜಲಜಾ

*

ಎಡಪ್ಪಳ್ಳಿ
4 ಮೇ 2025

ಚಿಕ್ಕಮ್ಮ,

ಸುಳ್ಳು ಹೇಳುವವರು ಗಂಟನ್ನು ಬಿಚ್ಚಿ ನೋಡಬೇಕಿತ್ತು.

ಅದರಲ್ಲಿ ಬಿಲ್ಲುಗಳಿರಲಿಲ್ಲ. ಇಡೀ ಮನೆಯವರ ಹೆಸರಿನಲ್ಲಿ ಆಫೀಸಿನವರು ಕೊಡುತ್ತಿದ್ದ ನೀಲಿ ರಟ್ಟಿನ ಪುಸ್ತಕವಿತ್ತು. ಯಾರಿಗೆ ಯಾವತ್ತು ಏನಾಯಿತು, ಯಾರು ಕರೆತಂದರು, ಎಲ್ಲವನ್ನೂ ಡಾಕ್ಟರು ಅದರಲ್ಲೇ ಬರೆಯುತ್ತಿದ್ದರು. ನನ್ನ ಕಾಲಿನ ಪುಟ ಸಿಕ್ಕಿತು. ಕನ್ನಡದಲ್ಲಿ ಹೇಳುತ್ತೇನೆ, ಕೇಳಿ.

19 ಏಪ್ರಿಲ್ 1999. ಹೆಣ್ಣು ಮಗು, ಎರಡು ವರ್ಷ ಮೂರು ತಿಂಗಳು. ಎಡಪಾದ, ಪಾದದ ಗಂಟಿನವರೆಗೆ, ಬಿಸಿ ಹಾಲು. ನೆರೆಮನೆಯವರು ಎತ್ತಿಕೊಂಡು ಬಂದರು. ತಂದೆ ಶ್ರೀಹರಿಕೋಟದಲ್ಲಿ.

ಅದೇ ಪುಸ್ತಕದಲ್ಲಿ ನಿಮ್ಮ ಹೆಸರು ಬೇರೆ ಶಾಯಿಯಲ್ಲಿ ಸೇರಿರುವುದು 4 ಜೂನ್ 2001ಕ್ಕೆ. ನನ್ನ ಕಾಲು ಸುಟ್ಟಾಗ ನೀವು ಈ ಮನೆಗೆ ಬಂದೇ ಇರಲಿಲ್ಲ. ಅಪ್ಪ ಯಾರು, ನಾನು ಯಾರು ಎಂಬುದೂ ನಿಮಗೆ ಗೊತ್ತಿರಲಿಲ್ಲ.

ನಿಮ್ಮ ಮದುವೆಯ ಫೋಟೊ ತೆಗೆದು ನೋಡಿದೆ. ತಿಪಟೂರಿನ ಮೇ ತಿಂಗಳ ಬಿಸಿಲು, ಎಲ್ಲರೂ ಬೆವರಿದ್ದಾರೆ, ಅಪ್ಪನ ತೊಡೆಯ ಮೇಲೆ ನಾನು ಮೊಣಕಾಲಿನವರೆಗೆ ಬಿಳಿ ಸಾಕ್ಸ್ ಹಾಕಿಕೊಂಡಿದ್ದೇನೆ. ಇಷ್ಟು ವರ್ಷ ಆ ಫೋಟೊ ನೋಡಿದೆ, ಸಾಕ್ಸ್ ಯಾಕೆ ಎಂದು ಕೇಳಿಕೊಳ್ಳಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಚೆಲ್ಲಿದ ಹಾಲು ಅಲ್ಲಲ್ಲಿ ಹರಿದು ಸುಡುತ್ತದಂತೆ. ನನ್ನ ಗಾಯದ ಅಂಚು ಪಾದದ ಗಂಟಿನ ಸುತ್ತ ಒಂದೇ ಗೆರೆಯಲ್ಲಿದೆ. ಕಾಲನ್ನು ಒಳಗೆ ಇಳಿಸಿ ಹಿಡಿದರೆ ಮಾತ್ರ ಹಾಗಾಗುತ್ತದೆ. ನೀವು ‘ಚೆಲ್ಲಿತು’ ಎಂದು ಬರೆದದ್ದನ್ನು ಓದಿಕೊಂಡಿದ್ದೆನಲ್ಲ, ಇವರು ಸುಳ್ಳಿನ ಮೇಲೆ ಸುಳ್ಳು ಪೇರಿಸುತ್ತಿದ್ದಾರೆ ಎಂದು ನಿಮ್ಮ ಮೇಲೆ ಇನ್ನಷ್ಟು ಕುದಿದೆ. ಅದಕ್ಕೇ ಫೋನ್ ಮಾಡಲಿಲ್ಲ.

ನನ್ನ ಪುಟದ ಮುಂದಿನ ಪುಟವನ್ನೂ ಓದಿದೆ. 30 ಏಪ್ರಿಲ್ 1999. ಶಾಂತಾ, ಇಪ್ಪತ್ತಾರು ವರ್ಷ. ನಿದ್ದೆ ಇಲ್ಲ, ಊಟ ಇಲ್ಲ, ಮಾತಾಡುವುದಿಲ್ಲ. ಮಲಯಾಳಂ ಬರುವುದಿಲ್ಲ. ಮೆಡಿಕಲ್ ಕಾಲೇಜಿನ ಮಾನಸಿಕ ವಿಭಾಗಕ್ಕೆ ಕಳಿಸಿದೆ. ಅದಾದ ಮೇಲೆ ಅಮ್ಮನ ಹೆಸರಿನಲ್ಲಿ ಒಂದು ಸಾಲೂ ಇಲ್ಲ. ಅಕ್ಟೋಬರಿನಲ್ಲಿ ಹೆಸರಿನ ಮೇಲೆ ಅಡ್ಡಗೆರೆ ಎಳೆದಿದ್ದಾರೆ.

ಆ ಮನೆಯ ದೇವರ ಗೂಡಿನ ಪಕ್ಕದಲ್ಲಿದ್ದು ಈಗ ನಾನು ಇಲ್ಲಿಗೆ ತಂದಿಟ್ಟುಕೊಂಡಿರುವ ಫೋಟೊದಲ್ಲಿ ಮಲ್ಲಿಗೆ ಮುಡಿದು ನಗುತ್ತಿರುವ ಅಮ್ಮ. ಅವಳಿದ್ದಿದ್ದರೆ ನನಗೆ ಹೀಗಾಗುತ್ತಿರಲಿಲ್ಲ ಎಂದು ಎಷ್ಟು ಸಲ ಅವಳ ಮುಂದೆ ನಿಂತು ನಿಮ್ಮ ಮೇಲೆ ದೂರು ಹೇಳಿದ್ದೇನೆ ಗೊತ್ತಾ? ಪಕ್ಕದ ಕೋಣೆಯಲ್ಲಿ ನೀವು ಕೇಳಿಸಿಕೊಳ್ಳುತ್ತಿದ್ದಿರಿ. ಆಗ ನಿಮ್ಮ ಎರಡು ಕಿವಿಯೂ ಸರಿಯಿತ್ತು.

ಯಾಕೆ ಒಪ್ಪಿಕೊಂಡಿರಿ? ಈ ಸಲ ನಿಜ ಬರೆಯಿರಿ. ಇಲ್ಲಿ ನನ್ನ ಜೊತೆ ಇದನ್ನು ಹಂಚಿಕೊಳ್ಳಲು ಒಬ್ಬರೂ ಇಲ್ಲ. ಮಾಲಿನಲ್ಲಿ ಸಾವಿರ ಜನರ ನಡುವೆ ಕೂತು ಈ ಕಾಗದ ಬರೆಯುತ್ತಿದ್ದೇನೆ.

ನಿಹಾರಿಕಾ

*

ತುಂಬ
9 ಮೇ 2025

ನಿಹಾ ಪುಟ್ಟ,

ನಿಮ್ಮಪ್ಪನ ಗಂಟು ಕೊನೆಗೂ ನನ್ನ ಮಾನ ಕಳೆಯಿತು. ಇರಲಿ, ನಿಜ ಕೇಳಿದ್ದೀಯ, ಬರೆಯುತ್ತೇನೆ.

ನಿನ್ನ ಅಮ್ಮನನ್ನು ನಾನು ನೋಡಿದವಳಲ್ಲ. ನನಗೆ ಹೇಳಿದವಳು ಫಿಲೋಮಿನಾ. ಶಾಂತಾ ಇಲ್ಲಿಗೆ ಬಂದಾಗ ಇಪ್ಪತ್ತಮೂರು. ತಿಪಟೂರು ಬಿಟ್ಟರೆ ಬೇರೆ ಊರು ಕಂಡವಳಲ್ಲ, ಇಲ್ಲಿಯ ಒಂದು ಮಾತು ಬಾರದು. ರಾಕೆಟ್ ಹಾರಿಸುವ ಮೊದಲು ನಿಮ್ಮಪ್ಪ ಎರಡೆರಡು ತಿಂಗಳು ಶ್ರೀಹರಿಕೋಟದಲ್ಲಿ. ಆಗ ಕೈಗೊಂದು ಫೋನೂ ಇಲ್ಲ. ಒಂದು ಮಗು, ನಾಲ್ಕು ಗೋಡೆ, ಸಮುದ್ರದ ಸದ್ದು. ನೀನು ಹುಟ್ಟಿದಾಗಿನಿಂದಲೇ ಅವಳ ಮನಸ್ಸು ಸರಿಯಿರಲಿಲ್ಲವಂತೆ. ಬಾಣಂತಿಯ ದಣಿವು, ಸರಿಹೋಗುತ್ತೆ ಅಂದರು ಎಲ್ಲರೂ. ಆ ದಿನ ಫಿಲೋಮಿನಾ ಚರ್ಚಿಗೆ ಹೋಗಿ ಬರುವಷ್ಟರಲ್ಲಿ ನಿನ್ನ ಕಿರುಚಾಟ ಕೇಳಿಸಿತು. ಓಡಿಬಂದರೆ ಶಾಂತಾ ನಿನ್ನ ಕಾಲಿಗೆ ಉಫ್ ಉಫ್ ಅಂತ ಊದುತ್ತ ಕೂತಿದ್ದಳಂತೆ. ಮಾಡಿದವಳೂ ಅವಳೇ, ಊದಿದವಳೂ ಅವಳೇ. ಇಷ್ಟನ್ನು ನೀನು ಮರೆಯಬಾರದು ಅಂತ ಬರೆದೆ. ಆಮೇಲೆ ತೌರಿಗೆ ಕರೆದುಕೊಂಡು ಹೋದರು, ಅಲ್ಲೇ ತೀರಿಕೊಂಡಳು. ಕಾಮಾಲೆ ಅಂದರು. ನಾನು ಕೆದಕಲಿಲ್ಲ.

ನಿನಗೆ ಐದು ತುಂಬಿದ ಬೇಸಿಗೆ. ಅಜ್ಜಿ ಆ ಕಥೆಯನ್ನು ಮೊದಲ ಸಲ ಹೇಳಿದರು. ನೀನು ನೇರವಾಗಿ ನನ್ನ ಹತ್ತಿರ ಬಂದು ಕೇಳಿದೆ, “ಚಿಕ್ಕಮ್ಮ, ನನ್ನ ಕಾಲು ಸುಟ್ಟಿದ್ದು ನೀನೇನಾ?” ಅಜ್ಜಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಕೋಪ ಬರಲಿಲ್ಲವೆಂದರೆ ಸುಳ್ಳು. ನಾನಲ್ಲ ಅಂತ ಹೇಳಬಹುದಿತ್ತು. ಹೇಳಿದರೆ ನಿನ್ನ ಮುಂದಿನ ಪ್ರಶ್ನೆ, ‘ಮತ್ಯಾರು?’ ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಅದೇ ತೊಂದರೆ. ಸುಮ್ಮನೆ ಅಕ್ಕಿಯಲ್ಲಿ ಕಲ್ಲು ಆರಿಸಿದೆ. ಆ ಬೇಸಿಗೆಯಿಂದ ನೀನು ನನ್ನನ್ನು ‘ನೀವು’ ಅನ್ನತೊಡಗಿದೆ.

ಸತ್ತವಳ ಮೇಲೆ ಗೂಬೆ ಕೂರಿಸುವುದಕ್ಕಿಂತ ಬದುಕಿರುವವಳ ಮೇಲೆ ಕೂತರೆ ಅವಳು ಓಡಿಸಿಕೊಳ್ಳಬಹುದು ಅಂದುಕೊಂಡೆ. ಓಡಿಸಲಿಕ್ಕೆ ಆಗಲಿಲ್ಲ, ಅದು ಬೇರೆ ಮಾತು. ಸಾಯುವ ಮೊದಲು ಅಜ್ಜಿ ನನ್ನ ಕೈ ಹಿಡಿದು ಅತ್ತರು. “ಇದ್ದೊಬ್ಳು ಮಗಳ ಹೆಸ್ರು ಉಳಿಸ್ಕೊಳ್ಳಕ್ಕೆ ನಿನ್ನ ತಲೆ ಮೇಲೆ ಹಾಕ್ಬಿಟ್ಟೆ ಕಣವ್ವಾ” ಅಂದರು. “ಹೋಗ್ಲಿ ಬಿಡಿ, ನಂದು ಗಟ್ಟಿ ತಲೆ” ಅಂದೆ.

ನಾನು ದೊಡ್ಡ ದೇವತೆ ಅಂತ ತಿಳಿದು ಆರತಿ ಎತ್ತಲು ಬರಬೇಡ. ಇನ್ನೊಂದನ್ನು ಯಾರಿಗೂ ಹೇಳಿಲ್ಲ. ನಾನು ಬಂದ ವರ್ಷ, ಜೋರು ಮಳೆಗಾಲ. ನಿಮ್ಮಪ್ಪ ಹೋಗಿ ಐವತ್ತು ದಿನವಾಗಿತ್ತು. ನೀನು ಮೂರು ದಿನದಿಂದ ಕೊಟ್ಟದ್ದನ್ನೆಲ್ಲ ಉಗುಳಿ ಅಳುತ್ತಿದ್ದೆ. ಕನ್ನಡದಲ್ಲಿ ಒಂದು ಮಾತಾಡಿ ಐವತ್ತು ದಿನವಾಗಿದ್ದ ನಾನು ಆ ಒಲೆಯ ಮುಂದೆ ನಿಂತಿದ್ದೆ. ಹಾಲು ಮೇಲೇಳುತ್ತಿತ್ತು. ನಿನ್ನ ರಟ್ಟೆ ಹಿಡಿದು ಎಳೆದೆ. ಎಲ್ಲಿಗೆ ಎಳೆಯುತ್ತಿದ್ದೇನೆ ಅಂತ ನನಗೇ ಗೊತ್ತಿರಲಿಲ್ಲ. ಅಷ್ಟರಲ್ಲಿ ಗೇಟಿನಿಂದ ಫಿಲೋಮಿನಾ ಕೂಗಿದಳು, “ಜಲಜೇ, ಮೀನ್ ವೇಂಡೇ?” ನಾವು ಮೀನು ತಿನ್ನುವವರಲ್ಲ ಅಂತ ಗೊತ್ತಿದ್ದೂ ದಿನಾ ಬೇಕಾ ಅಂತ ಕೂಗಿ ರೇಗಿಸುತ್ತಿದ್ದಳು. ಆ ಕೂಗಿಗೆ ನನ್ನ ಕೈ ಬಿಟ್ಟುಹೋಯಿತು. ಹಾಲು ನೆಲದ ತುಂಬ. ನಿನ್ನನ್ನು ಎತ್ತಿಕೊಂಡು ಹೊರಗೆ ಓಡಿದೆ.

ಶಾಂತಾಳಿಗೆ ಆ ಹೊತ್ತಿನಲ್ಲಿ ಯಾರೂ ಕೂಗಲಿಲ್ಲ. ನನಗೆ ಕೂಗಿದರು. ನಮ್ಮಿಬ್ಬರಿಗೂ ಇರುವ ವ್ಯತ್ಯಾಸ ಇಷ್ಟೇ. ಮಾರನೆಯ ದಿನದಿಂದ ನೀನು ಏಳುವ ಮೊದಲೇ ಚಿಲಕ ಹಾಕಿಕೊಂಡು ಹಾಲು ಕಾಯಿಸಿದೆ. ನೀನು ಕುಡಿದುಬಿಡುತ್ತೀಯ ಅಂತಲ್ಲ ಪುಟ್ಟ. ನನಗೆ ನನ್ನ ಕೈಯ ಭಯವಿತ್ತು. ಕಥೆಯಲ್ಲಿ ‘ಒಬ್ಬ ಹೆಂಗಸು’ ಅಂತ ಬರೆದದ್ದೂ ಅದಕ್ಕೇ. ಅದು ಅವಳೂ ಆಗಬಹುದಿತ್ತು, ನಾನೂ ಆಗಬಹುದಿತ್ತು.

ಫಿಲೋಮಿನಾ ಹೋದ ವರ್ಷ ಮಗಳ ಮನೆಗೆ ಕೊಲ್ಲಂಗೆ ಹೋದಳು. ಈಗ ಗೇಟಿನಲ್ಲಿ ಯಾರೂ ಕೂಗುವುದಿಲ್ಲ. ಕೂಗಿದರೂ ನನಗೆ ಕೇಳಿಸಬೇಕಲ್ಲ.

ಆ ಕಥೆಯನ್ನು ನಿನ್ನ ಆಫೀಸಿಗೆ ಕೊಡುವುದಾದರೆ ಚಿಕ್ಕಮ್ಮ ಅಂತಲೇ ಕೊಡು. ಮಕ್ಕಳು ಕೆಟ್ಟ ಚಿಕ್ಕಮ್ಮನನ್ನು ತಡೆದುಕೊಳ್ಳುತ್ತಾರೆ, ನಾವು ಇರುವುದೇ ಅದಕ್ಕೆ. ಇನ್ನೊಂದು, ಈಗ ನಿಜ ಗೊತ್ತಾಯಿತು ಅಂತ ನನ್ನನ್ನು ‘ಅಮ್ಮ’ ಅಂದು ಬರೆಯಬೇಡ. ಅವಳಿಗೆ ಉಳಿದಿರುವುದು ಅದೊಂದೇ ಹೆಸರು, ಅದನ್ನೂ ಕಿತ್ತುಕೊಳ್ಳುವುದು ಬೇಡ. ಫೋಟೊದ ಮುಂದೆ ಅವಳ ಮೇಲೆ ಕೋಪ ಮಾಡಿಕೊಳ್ಳಬೇಕು ಅನ್ನಿಸಿದರೆ ಮಾಡಿಕೋ, ಆದರೆ ಹೂವು ಇಡುವುದನ್ನು ಬಿಡಬೇಡ.

ಇಪ್ಪತ್ತೆಂಟಕ್ಕೆ ಲಾರಿ ಬರುತ್ತದೆ. ತಂಪಾನೂರು ಸ್ಟೇಷನ್ನಿನಿಂದ ಮಾರನೆಯ ದಿನದ ರೈಲು. ಆಪರೇಷನ್ ಯಾವತ್ತು ಅಂತ ಈ ಸಲವಾದರೂ ತಿಳಿಸು.

ಜಲಜಾ

*

ಎಡಪ್ಪಳ್ಳಿ
15 ಮೇ 2025

ಚಿಕ್ಕಮ್ಮ,

ನಿನ್ನ ಕಾಗದ ಬಂದು ಮೂರು ದಿನವಾಯಿತು. ಆಫೀಸಿಗೆ ಹೋಗಿಬಂದು ಪ್ರತಿ ಸಂಜೆ ಓದಿದೆ. ಅಮ್ಮನ ಮೇಲೆ ಕೋಪ ಮಾಡಿಕೊಳ್ಳಲು ನೋಡಿದೆ, ಉಫ್ ಉಫ್ ಅಂತ ಊದಿದಳು ಎನ್ನುವಲ್ಲಿಗೆ ಬಂದಾಗ ಆಗುವುದಿಲ್ಲ. ಆ ಸಾಲು ಬರೆದದ್ದಕ್ಕೆ ನಿನಗೆ ಏನು ಕೊಡಲಿ? ಹೂವು ಇಟ್ಟಿದ್ದೇನೆ.

ಕಥೆಯನ್ನು ಆಫೀಸಿಗೆ ಕೊಡಲಿಲ್ಲ. “ಮನೆ ಸಿಕ್ಕಿತಾ?” ಎಂದು ಜಾಯ್ಸ್ ಚೇಚಿ ಕೇಳಿದರು. ಸಿಕ್ಕಿತು, ಕಥೆ ಆ ಮನೆಯಲ್ಲೇ ಇರಲಿ ಎಂದೆ. ನಿನ್ನ ಚಟ್ನಿಪುಡಿಯ ಡಬ್ಬ ಅರ್ಧ ಅವರೇ ಖಾಲಿ ಮಾಡಿದ್ದಾರೆ.

ನೀನು ಫೆಬ್ರವರಿಯಲ್ಲಿ ಕೇಳಿದ್ದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಲಾರಿಯವನಿಗೆ ತಿಪಟೂರು ಬೇಡ, ಎಡಪ್ಪಳ್ಳಿ ಎಂದು ಹೇಳು. ನಿನ್ನ ತಮ್ಮನ ಜೊತೆ ನಾನು ಮಾತಾಡುತ್ತೇನೆ. ಜೂನ್ ಹನ್ನೆರಡಕ್ಕೆ ಆಪರೇಷನ್, ಮೂರು ವಾರ ನೆಲಕ್ಕೆ ಕಾಲು ಊರುವಂತಿಲ್ಲ. ಜೊತೆಗೆ ಯಾರಿರುತ್ತಾರೆ ಎಂಬ ಕಾಲಂ ಇತ್ತು, ನಿನ್ನ ಹೆಸರು ಬರೆದಿದ್ದೇನೆ. ಸಂಬಂಧ ಏನು ಎಂದು ಕೇಳಿದ್ದಕ್ಕೆ ಚಿಕ್ಕಮ್ಮ ಎಂದೇ ಬರೆದೆ. ಮೂರು ವಾರ ಆದ ಮೇಲೂ ನೀನು ಹೋಗುವುದು ನನಗೆ ಇಷ್ಟವಿಲ್ಲ.

ಇಪ್ಪತ್ನಾಲ್ಕು, ಶನಿವಾರ, ಬೆಳಗಿನ ರೈಲಿಗೆ ಬರುತ್ತೇನೆ. ತಂಪಾನೂರಿನಲ್ಲಿಳಿದು ಬಸ್ಸು ಹಿಡಿದರೆ ಹನ್ನೊಂದರೊಳಗೆ ಮನೆ. ಹಾಲು ಮೊದಲೇ ಕಾಯಿಸಿಡಬೇಡ, ನಾನು ಬಂದ ಮೇಲೆ ಒಲೆ ಹಚ್ಚು. ಗೇಟಿನಿಂದಲೇ ಮೀನ್ ವೇಂಡೇ ಎಂದು ಕೂಗುತ್ತೇನೆ. ಎಡಗಿವಿ ಬಾಗಿಲ ಕಡೆ ಇಟ್ಟುಕೊಂಡಿರು.

ನಿಹಾ